ಅನ್ನ ಎಡಕ್ಕೆ, ಸಾರು ಬಲಕ್ಕೆ

ಒಸಾಕಾ, ಇಕಾಯಿನೊ ಗಲ್ಲಿ
೧೯೬೦ ಜುಲೈ ೨೪

ತಮ್ಮಾ ಗಿಚೊಲ್,

ನೀನು ಹಡಗು ಹತ್ತಿ ಐದು ವಾರವಾಯಿತು. ಒಂದು ಸಾಲು ಇಲ್ಲ. ಇಳಿದ ಕೂಡಲೇ ಬರೆಯುತ್ತೇನೆ ಎಂದು ಎದೆ ತಟ್ಟಿಕೊಂಡವನು ನೀನೇ ತಾನೆ? ನಿನ್ನನ್ನು ಅಲ್ಲಿ ಮಂತ್ರಿ ಮಾಡಿಬಿಟ್ಟಿದ್ದಾರೇನೋ, ಕೈ ಬಿಡುವಿಲ್ಲವೇನೋ ಎಂದು ಗಲ್ಲಿಯ ಹೆಂಗಸರು ನನ್ನನ್ನು ಕೆಣಕುತ್ತಿದ್ದಾರೆ. ಕೊನೆಗೆ ನಿಮ್ಮನ್ನೆಲ್ಲ ಹಡಗು ಹತ್ತಿಸಿದ ಸಂಘದ ಚೇ ಅವರ ಮನೆಗೇ ಹೋಗಿ ನಿನ್ನ ವಿಳಾಸ ಬರೆಸಿಕೊಂಡು ಬಂದೆ. ಅವರು ನಗುತ್ತ, "ಏನಮ್ಮಾ ಹೆಸೂನ್, ಸ್ವರ್ಗಕ್ಕೆ ಹೋದೋರು ಅಷ್ಟು ಬೇಗ ಕಾಗದ ಬರೀತಾರಾ?" ಎಂದರು.

ನಿಯಿಗಾತಾ ಬಂದರಿನಲ್ಲಿ ನಾನಂದ ಮಾತಿಗೆ ಇನ್ನೂ ಸಿಟ್ಟಿದ್ದರೆ ಬಿಟ್ಟುಬಿಡು. ನಾನೇನು ಕೆಟ್ಟದ್ದು ಕೇಳಿದೆ? ಒಂದು ಗುರುತು ಇಟ್ಟುಕೊಳ್ಳೋಣ, ಅಲ್ಲಿ ಚೆನ್ನಾಗಿಲ್ಲದಿದ್ದರೆ ಕಾಗದದಲ್ಲಿ ಇಂಥ ಮಾತು ಬರೆ ಎಂದೆ, ಅಷ್ಟೇ. ನೀನು ಅಷ್ಟು ಜನರ ಮುಂದೆ, "ತಾಯ್ನಾಡಿನ ಮೇಲೇ ಅನುಮಾನ ಪಡ್ತೀಯಾ? ಗುರುತಂತೆ ಗುರುತು! ನಾನೇನು ಕಳ್ಳತನಕ್ಕೆ ಹೋಗ್ತಿದೀನಾ?" ಎಂದು ಕೂಗಾಡಿದೆ. ನಿನ್ನ ಹೆಂಡತಿ ತೊಷಿಯೆ ತಲೆ ತಗ್ಗಿಸಿಕೊಂಡು ಮಗ ಇನ್‌ಸುವಿನ ಟೋಪಿ ಸರಿಮಾಡುತ್ತ ನಿಂತಿದ್ದಳು. ಪಾಪ, ಜಪಾನಿನ ಹುಡುಗಿ. ನಿನ್ನನ್ನು ಕಟ್ಟಿಕೊಂಡು ತವರು ಬಿಟ್ಟಳು, ಈಗ ದೇಶವನ್ನೂ ಬಿಟ್ಟಳು.

ತಾಯ್ನಾಡು ಎನ್ನುತ್ತೀಯ. ಅಪ್ಪ ಅಮ್ಮ ದಕ್ಷಿಣದ ಜೇಜು ದ್ವೀಪದವರು. ನಾವು ಮೂವರು ಹುಟ್ಟಿದ್ದು ಈ ಗಲ್ಲಿಯಲ್ಲಿ. ನೀನು ಹೋಗಿರುವುದು ನಮ್ಮಲ್ಲಿ ಒಬ್ಬರೂ ಕಂಡಿಲ್ಲದ ಉತ್ತರಕ್ಕೆ. ಇರಲಿ, ಇಲ್ಲಿ ಜಪಾನಿನವರ ಕೈಲಿ ನಾಯಿಗಿಂತ ಕಡೆಯಾಗಿ ಬಾಳುವುದಕ್ಕಿಂತ ವಾಸಿ ಎಂದು ನನಗೂ ಅನ್ನಿಸುತ್ತದೆ. ಹಡಗು ದೂರ ಹೋದ ಮೇಲೂ ನೂರಾರು ಕೈಗಳ ನಡುವೆ ನಿನ್ನ ಎಡಗೈಯ ಗುರುತು ಹಿಡಿದೆ. ತಿರುಪಿನ ಕಾರ್ಖಾನೆಯ ಯಂತ್ರ ಕಚ್ಚಿಕೊಂಡು ಹೋದ ಆ ಮೋಟು ತೋರುಬೆರಳು.

ಮೊನ್ನೆ ಅಮ್ಮನ ತಿಥಿ ಮಾಡಿದೆವು. ಇದ್ದೊಬ್ಬ ಗಂಡುಮಗ ಹೊರಟುಹೋದೆ, ನಾವಿಬ್ಬರು ಹೆಂಗಸರೇ ಎಡೆ ಇಟ್ಟೆವು. ನಮ್ಮ ಬೊಕ್‌ಹೀ ಹದಿನೆಂಟು ತುಂಬಿದವಳು, ಅಮ್ಮನ ಫೋಟೋದ ಮುಂದೆ ಅನ್ನ ಎಡಕ್ಕೆ, ಸಾರು ಬಲಕ್ಕೆ ಇಟ್ಟಿದ್ದಾಳೆ, ಬದುಕಿರುವವರಿಗೆ ಬಡಿಸುವ ಹಾಗೆ! ಚೆನ್ನಾಗಿ ಬೈದು ಬಟ್ಟಲುಗಳನ್ನು ಅದಲುಬದಲು ಮಾಡಿದೆ. ಆಗ ನೀನು ನೆನಪಾದೆ. ಏಳು ವರ್ಷದವನಿದ್ದಾಗ ಅಪ್ಪನ ಮುಂದೆ ಅನ್ನ ಬಲಕ್ಕೆ, ಸಾರು ಎಡಕ್ಕೆ ಇಟ್ಟು ಅಮ್ಮನ ಕೈಲಿ ಬೆನ್ನಿಗೆ ತಿಂದಿದ್ದೆಯಲ್ಲ? "ನಿಮ್ಮಪ್ಪ ಇನ್ನೂ ಸತ್ತಿಲ್ಲ ಕಣೋ! ಸತ್ತೋರಿಗೆ ಎಡೆ ಇಟ್ಟಂಗೆ ಇಡ್ತೀಯಲ್ಲೋ!" ಅಪ್ಪ ಮಾತ್ರ ನಕ್ಕು ಹಾಗೇ ಉಂಡುಬಿಟ್ಟ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಮುದ್ದಿನ ತಂಗಿಗೂ ಹುಚ್ಚು ಹಿಡಿದಿದೆ. ಅಲ್ಲಿ ಡಾಕ್ಟರ್ ಓದಿಸುತ್ತಾರಂತೆ, ಹೆಸರು ನೋಡಿ ಬಾಗಿಲು ಹಾಕುವವರಿಲ್ಲವಂತೆ. ನಾನು ಹೇಳಿದ್ದೇನೆ, ಗಿಚೊಲ್ ಬಾ ಎಂದರೆ ಹೋಗು, ಬೇಡ ಎಂದರೆ ಇಲ್ಲೇ ನನ್ನ ಜೊತೆ ಚಪ್ಪಲಿ ಅಟ್ಟೆಗೆ ಅಂಟು ಹಚ್ಚಿಕೊಂಡು ಬಿದ್ದಿರು ಎಂದು. ಅವಳನ್ನು ಎದೆಗಪ್ಪಿಕೊಂಡು ಬೆಳೆಸಿದವಳು ನಾನು. ಆದರೂ ಈ ಒಂದು ವಿಷಯದಲ್ಲಿ ನಿನ್ನ ಮಾತೇ ಕೊನೆ. ಬೇಗ ಬರೆ.

ನಿನ್ನ ಅಕ್ಕ
ಹೆಸೂನ್


ಉತ್ತರ ಹಾಮ್‌ಗ್ಯೊಂಗ್ ಪ್ರಾಂತ
೧೯೬೦ ಸೆಪ್ಟೆಂಬರ್ ೩

ಪ್ರೀತಿಯ ಅಕ್ಕನಿಗೆ,

ನಾವೆಲ್ಲರೂ ಕ್ಷೇಮ. ಬಂದರಿನಲ್ಲಿ ಹೂಗುಚ್ಛ ಹಿಡಿದ ಮಕ್ಕಳು ಹಾಡಿ ನಮ್ಮನ್ನು ಬರಮಾಡಿಕೊಂಡರು. ನನಗೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಕೊಟ್ಟಿದ್ದಾರೆ. ಇರಲು ಒಂದು ಕೋಣೆಯಿದೆ. ಬೆಳಿಗ್ಗೆ ಎದ್ದಾಗ ಬೆಟ್ಟ ಕಾಣುತ್ತದೆ. ಇಲ್ಲಿ ನಮ್ಮನ್ನು ಹೆಸರು ಹಿಡಿದು ಹೀಯಾಳಿಸುವ ಜಪಾನಿನವರಿಲ್ಲ. ದೇಶ ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಿದೆ.

ಯಾವುದಕ್ಕೂ ಕೊರತೆಯಿಲ್ಲ. ಆದರೂ ನೆರೆಯವರಿಗೆ ಒಸಾಕಾದ ನೆನಪಿಗೆ ಏನಾದರೂ ಕೊಡೋಣ ಎಂದು ತೊಷಿಯೆ ಹೇಳುತ್ತಾಳೆ. ಆದುದರಿಂದ ಸಾಧ್ಯವಾದರೆ ಸಕ್ಕರೆ, ಸೂಜಿ ದಾರ, ಉಣ್ಣೆಯ ಒಳಬಟ್ಟೆ, ಮಕ್ಕಳ ಹೊಟ್ಟೆನೋವಿನ ಮಾತ್ರೆ ಕಳಿಸು. ಒಳಬಟ್ಟೆ ಇನ್‌ಸುವಿನ ಅಳತೆಯದಿರಲಿ. ನೆರೆಮನೆಯ ಮಗುವೂ ಅವನಷ್ಟೇ ಇದೆ.

ತೊಷಿಯೆ ನಮ್ಮ ಭಾಷೆ ಕಲಿಯುತ್ತಿದ್ದಾಳೆ. ಸಾಲಿನಲ್ಲಿ ನಿಂತಾಗ ಮನಸ್ಸಿಗೆ ಬಂದದ್ದನ್ನು ಜಪಾನಿ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತಾಳೆ. ಕಡಿಮೆ ಮಾತಾಡು ಎಂದು ಕಲಿಸುತ್ತಿದ್ದೇನೆ. ಮೂರು ವರ್ಷಕ್ಕೊಮ್ಮೆ ತವರಿಗೆ ಹೋಗಿಬರಬಹುದು ಎಂದು ಅಲ್ಲಿ ಹೇಳಿದ್ದರಲ್ಲ, ಅವಳು ಗೋಡೆಯ ಮೇಲೆ ದಿನಕ್ಕೊಂದು ಗೀರು ಎಳೆಯುತ್ತಾಳೆ.

ಬೊಕ್‌ಹೀಗೆ ಹೇಳು, ಅವಸರವೇನೂ ಇಲ್ಲ. ಅಮ್ಮ ಜೇಜುವಿನ ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯುತ್ತಿದ್ದಾಗ ಎಷ್ಟು ಹೊತ್ತು ಉಸಿರು ಬಿಗಿಹಿಡಿಯುತ್ತಿದ್ದಳು ಎಂದು ಅವಳಿಗೆ ಹೇಳಿದ್ದೀಯಲ್ಲ. ಅಷ್ಟು ಹೊತ್ತು ಉಸಿರು ಹಿಡಿಯಲು ಬೊಕ್‌ಹೀ ಮೊದಲು ಕಲಿಯಲಿ. ಆಮೇಲೆ ಬರುವ ಮಾತು.

ನಿನ್ನ ತಮ್ಮ
ಗಿಚೊಲ್


ಒಸಾಕಾ
೧೯೬೦ ನವೆಂಬರ್ ೧೧

ಮಹಾರಾಯನಿಗೆ,

ಕಾಗದ ಬಂತು. ಬೆಟ್ಟ ಕಾಣುತ್ತದೆ, ಹೂಗುಚ್ಛ ಕೊಟ್ಟರು ಎಂದೆಲ್ಲ ಬರೆದಿದ್ದೀಯ, ಶಾಲೆಯ ಪ್ರಬಂಧದ ಹಾಗಿದೆ. ನನ್ನ ತಮ್ಮ ಯಾವ ಮೂಲೆಯಲ್ಲಿದ್ದಾನೆ ಎಂದು ಹುಡುಕಿ ಹುಡುಕಿ ಸಾಕಾಯಿತು. ಉಸಿರು ಹಿಡಿಯಲು ಕಲಿಯಲಿ ಎಂಬಲ್ಲಿ ಮಾತ್ರ ಸಿಕ್ಕಿದೆ. ಬೊಕ್‌ಹೀ ಅದನ್ನು ಓದಿ, "ನೋಡಕ್ಕಾ, ಅಣ್ಣಂಗೆ ನನ್ನ ಕಂಡ್ರೆ ಇನ್ನೂ ಮಗು ಥರಾನೇ. ಹಿಮದಲ್ಲಿ ಉಸಿರು ಕಟ್ಟುತ್ತೆ ಅಂತ ಹೆದರಿಸ್ತಾನೆ" ಎಂದು ಮುಖ ಊದಿಸಿಕೊಂಡಳು. ಆಮೇಲೆ ಸಾರ್ವಜನಿಕ ಸ್ನಾನದ ಮನೆಯ ತೊಟ್ಟಿಯಲ್ಲಿ ಮೂಗು ಹಿಡಿದು ಮುಳುಗಿ ಐವತ್ತರವರೆಗೆ ಎಣಿಸಿದಳು. ಐವತ್ತು ಸಾಕಾ ಎಂದು ಕೇಳು ಅಂತಾಳೆ. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಾಮಾನು ಕಳಿಸಿದ್ದೇನೆ. ಒಳಬಟ್ಟೆ ಎರಡು ಜೊತೆ, ಒಂದು ದೊಡ್ಡದೇ ಇರಲಿ, ಹುಡುಗ ಬೆಳೆಯುತ್ತಾನೆ. ಊರಿಗೆಲ್ಲ ಹಂಚಿ ದೊಡ್ಡ ದಾನಿಯಾಗಬೇಡ, ಮನೆಗೂ ಇಟ್ಟುಕೊ.

ನಗುವುದು ಇಲ್ಲಿಗೆ ಸಾಕು. ಹೋದ ತಿಂಗಳು ಬೊಕ್‌ಹೀ ದಾದಿ ತರಬೇತಿಗೆ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದಳು. ಪರೀಕ್ಷೆಯಲ್ಲಿ ಎರಡನೆಯವಳು. ಕರೆದು ಕೂರಿಸಿ, ಹೆಸರು ಕೇಳಿ, ಕಾಗದವನ್ನು ಅವಳ ಕಡೆಗೇ ತಳ್ಳಿದರಂತೆ. ಮನೆಗೆ ಬಂದು ಚಪ್ಪಲಿ ಅಟ್ಟೆಗಳ ರಾಶಿಯ ಹಿಂದೆ ಕೂತು ಅತ್ತಳು. ನಾನು ಅಂಟು ಹಚ್ಚುತ್ತಲೇ ಇದ್ದೆ. ಏನು ಸಮಾಧಾನ ಹೇಳಲಿ? ಈ ಗಲ್ಲಿಯಲ್ಲಿ ಅವಳು ಕೊಳೆಯುವುದನ್ನು ನೋಡಲು ನನ್ನಿಂದಾಗದು. ಹಾಗಂತ ಗೊತ್ತಿಲ್ಲದ ಕಡೆಗೆ ಅಟ್ಟಲೂ ಜೀವ ಬರದು.

ಚೇ ಅವರು ವಾರಕ್ಕೊಮ್ಮೆ ಬರುತ್ತಾರೆ. "ನಿಮ್ಮ ತಮ್ಮನ ಮನೆ ನೆಲ ಚಳಿಗಾಲದಲ್ಲೂ ಬೆಚ್ಚಗಿರುತ್ತೆ, ಮೂರು ಹೊತ್ತು ಬಿಳಿ ಅನ್ನ. ಇನ್ನೇನಮ್ಮಾ ಬೇಕು ಹುಡುಗಿಗೆ?" ಎನ್ನುತ್ತಾರೆ. ನನಗೆ ಅವರ ಮಾತೂ ಬೇಡ, ನಿನ್ನ ಪ್ರಬಂಧವೂ ಬೇಡ. ನೀವು ಮೂವರು ಊಟಕ್ಕೆ ಕೂತ ಒಂದು ಫೋಟೋ ತೆಗೆಸಿ ಕಳಿಸು. ಮೇಜಿನ ಮೇಲೆ ಏನಿದೆ ನೋಡಿದರೆ ನನಗೆ ಎಲ್ಲ ತಿಳಿಯುತ್ತದೆ. ನಾನು ಬಾಯಿಗಿಂತ ಬಟ್ಟಲನ್ನು ನಂಬುವವಳು. ಅದನ್ನು ನೋಡಿಯೇ ಬೊಕ್‌ಹೀಯ ವಿಷಯ ತೀರ್ಮಾನ ಮಾಡುತ್ತೇನೆ.

ಹೆಸೂನ್


ಉತ್ತರ ಹಾಮ್‌ಗ್ಯೊಂಗ್
೧೯೬೧ ಫೆಬ್ರವರಿ ೫

ಅಕ್ಕನಿಗೆ,

ನೀನು ಕೇಳಿದ ಫೋಟೋ ಇದರ ಜೊತೆಗಿದೆ. ಕಾರ್ಖಾನೆಯ ಫೋಟೋದವರು ಮನೆಗೇ ಬಂದು ತೆಗೆದರು. ಮೀನು, ಮಾಂಸದ ಸಾರು, ಸೇಬು ಎಲ್ಲವೂ ಇವೆ. ನೋಡಿ ಸಂತೋಷಪಡು.

ಅಡುಗೆ ತೊಷಿಯೆಯದು. ಬಟ್ಟಲುಗಳನ್ನು ಜೋಡಿಸಿದ್ದು ಮಾತ್ರ ನಾನೇ, ನನ್ನ ಕೈಯಿಂದಲೇ, ಮೂವರಿಗೂ. ಅಮ್ಮ ಕಲಿಸಿದ್ದನ್ನು ನಾನು ಮರೆತಿಲ್ಲ. ಯಾರೇ ಊಟಕ್ಕೆ ಕೂರುವ ಮುಂಚೆ ಮೇಜನ್ನು ಒಮ್ಮೆ ನೋಡಿ ತಪ್ಪು ಹಿಡಿಯುತ್ತಿದ್ದವಳು ನೀನು. ಇದನ್ನೂ ಹಾಗೆಯೇ ನೋಡು. ನಮ್ಮ ಎದುರು ನಿಂತು ನೋಡಬೇಡ. ನಮ್ಮ ಜಾಗದಲ್ಲಿ ಕೂತು ನೋಡು.

ಮೇಜಿನ ಮೇಲೆ ಕೈಯಿಡಬೇಡಿ ಎಂದು ಫೋಟೋದವರು ಹೇಳಿದರು. ಆದರೂ ಇಟ್ಟೆ. ನಿನಗೆ ನನ್ನ ಕೈಯ ಗುರುತು ಸಿಗಲಿ ಎಂದು.

ಇದನ್ನು ಬೊಕ್‌ಹೀಗೂ ತೋರಿಸು. ತೀರ್ಮಾನವನ್ನು ಇದರಿಂದಲೇ ಮಾಡು, ಬೇರೆ ಯಾರ ಮಾತಿನಿಂದಲೂ ಬೇಡ.

ಇಲ್ಲಿ ಚಳಿಗಾಲ ಸುಖವಾಗಿ ಕಳೆಯಿತು.

ಗಿಚೊಲ್


ಒಸಾಕಾ
೧೯೬೧ ಮಾರ್ಚ್ ೧೪
(ಅಂಚೆ ಕಾರ್ಡು)

ತಮ್ಮಾ, ಫೋಟೋ ಈಗಷ್ಟೇ ಸಿಕ್ಕಿತು. ನೋಡಿದೆ. ಎಲ್ಲ ಅರ್ಥವಾಯಿತು. ಇನ್ನು ನೀನು ಯೋಚನೆ ಮಾಡಬೇಡ. ನಾಳೆ ಮುನ್ನೂರು ಜೊತೆ ಚಪ್ಪಲಿ ಕೊಡಬೇಕು, ವಿವರವಾಗಿ ಆಮೇಲೆ ಬರೆಯುತ್ತೇನೆ. ಹೆಸೂನ್.


ಒಸಾಕಾ
೧೯೬೧ ಏಪ್ರಿಲ್ ೧೦

ತಮ್ಮಾ ಗಿಚೊಲ್,

ನಿನ್ನ ಫೋಟೋ ನಮ್ಮ ಗಲ್ಲಿಯಲ್ಲಿ ಮನೆ ಮನೆ ಸುತ್ತಿ ಮೂಲೆಯೆಲ್ಲ ಮಡಿಚಿಹೋಗಿದೆ. ಆ ಮೀನು! ನನ್ನ ಮೊಣಕೈ ಉದ್ದವಿದೆ. ಎದುರುಮನೆ ಮುದುಕಿ ಕನ್ನಡಕ ಹಾಕಿಕೊಂಡು ನೋಡಿ, "ಇದು ಮದುವೆ ಮೇಜೋ, ದಿನದ ಊಟವೋ?" ಎಂದಳು. ದಿನದ್ದೇ ಎಂದು ಜಂಭದಿಂದ ಹೇಳಿದೆ. ನೀನು ಸ್ವಲ್ಪ ಇಳಿದಿದ್ದೀಯ, ತೊಷಿಯೆಯ ಕೆನ್ನೆಯೂ ಒಳಗೆ ಹೋಗಿದೆ. ಹೊಸ ನೀರು, ಹೊಸ ಹವೆ, ಒಗ್ಗಲು ಒಂದು ವರ್ಷ ಬೇಕು ಎಂದು ಚೇ ಅವರು ಹೇಳಿದರು. ಇನ್‌ಸು ಮಾತ್ರ ಸೇಬನ್ನು ಹಾಗೇಕೆ ದುರುಗುಟ್ಟಿ ನೋಡುತ್ತಿದ್ದಾನೆ? ಫೋಟೋ ತೆಗೆಯುವವರೆಗೂ ಮುಟ್ಟಬೇಡ ಎಂದು ಗದರಿಸಿದ್ದೆಯೇನೋ. ನಿನ್ನ ಶಿಸ್ತು ನನಗೆ ಗೊತ್ತಿಲ್ಲವೇ.

ನೀನು ಹೇಳಿದ ಹಾಗೆಯೇ ಫೋಟೋವನ್ನು ತಲೆಕೆಳಗಾಗಿ ತಿರುಗಿಸಿ, ನಿಮ್ಮ ಜಾಗದಲ್ಲಿ ಕೂತವಳಂತೆ ನೋಡಿದೆ. ಅಯ್ಯೋ ದೇವರೇ, ಅನ್ನ ಬಲಕ್ಕೆ ಹೋಗಿದೆ, ಸಾರು ಎಡಕ್ಕೆ! ನಿನಗೂ, ತೊಷಿಯೆಗೂ, ಮಗುವಿಗೂ! ಎದೆ ಒಂದು ಸಲ ಧಸಕ್ಕೆಂದಿತು. ಆಮೇಲೆ ಬೊಕ್‌ಹೀ ನಕ್ಕಳು. "ಅಯ್ಯೋ ಅಕ್ಕಾ, ಫೋಟೋನೇ ಉಲ್ಟಾ ಅಚ್ಚು ಹಾಕಿದಾರೆ. ನನ್ನ ಶಾಲೆ ಫೋಟೋದಲ್ಲೂ ಹಂಗೇ ಆಗಿತ್ತಲ್ಲ, ಗಡಿಯಾರದ ಅಂಕಿ ಎಲ್ಲ ತಿರುಗಾಮುರುಗಾ ಬಂದಿತ್ತು." ಹೌದಲ್ಲ! ನಿನ್ನ ಕಾರ್ಖಾನೆಯ ಫೋಟೋದವನಿಗೆ ಹೇಳು, ಒಸಾಕಾದ ನನ್ನಕ್ಕ ನಿನ್ನ ತಪ್ಪು ಹಿಡಿದಳು ಅಂತ. ಅಮ್ಮ ಇದ್ದಿದ್ದರೆ ಅವನ ಬೆನ್ನಿಗೂ ಒಂದು ಬೀಳುತ್ತಿತ್ತು.

ಸರಿ, ಬಟ್ಟಲನ್ನು ನಂಬುತ್ತೇನೆ ಎಂದಿದ್ದೆ, ನಂಬಿದೆ. ಬೊಕ್‌ಹೀಯ ಹೆಸರು ಬರೆಸಿದ್ದೇನೆ. ಜೂನ್ ಒಂಬತ್ತರ ಹಡಗು. ಅವಳು ಹಾಸಿಗೆಯಲ್ಲೂ ಉಸಿರು ಹಿಡಿದು ಎಣಿಸುತ್ತಿರುತ್ತಾಳೆ, ಎಪ್ಪತ್ತಕ್ಕೆ ಬಂದಿದ್ದಾಳೆ. ಅವಳು ಹೋದ ಮೇಲೆ ಈ ಮನೆಯಲ್ಲಿ ನಾನೂ ಅಂಟಿನ ಡಬ್ಬಿಯೂ ಅಷ್ಟೇ. ಅಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ನೀನು ಬಂದರಿಗೆ ಹೋಗಿ ಕರೆದುಕೊ. ನನ್ನ ಜೀವವನ್ನೇ ನಿನ್ನ ಕೈಗೆ ಕೊಡುತ್ತಿದ್ದೇನೆ, ಜೋಪಾನ.

ಹೆಸೂನ್


ಉತ್ತರ ಹಾಮ್‌ಗ್ಯೊಂಗ್
೧೯೬೧ ಏಪ್ರಿಲ್ ೧೬

ಅಕ್ಕಾ,

ನಿನ್ನ ಕಾರ್ಡು ಇಂದು ಬಂತು. ಎಲ್ಲ ಅರ್ಥವಾಯಿತು ಎಂದು ಬರೆದಿದ್ದೀಯ. ಕಾರ್ಖಾನೆಯ ಗೋಡೆಗೆ ಒರಗಿ ನಾಲ್ಕು ಸಲ ಓದಿದೆ. ನನಗೆ ಗೊತ್ತಿತ್ತು, ನನ್ನಕ್ಕನ ಕಣ್ಣು ತಪ್ಪುವುದಿಲ್ಲ. ತೊಷಿಯೆಗೆ ಹೇಳಿದಾಗ ಅವಳು ನನ್ನ ಕೈ ಹಿಡಿದು ಅತ್ತುಬಿಟ್ಟಳು, ಸಂತೋಷಕ್ಕೆ. ಎಷ್ಟೋ ತಿಂಗಳ ಮೇಲೆ ಇವತ್ತು ನನಗೆ ಚೆನ್ನಾಗಿ ನಿದ್ದೆ ಬರುತ್ತದೆ. ಬಂದರಿನಲ್ಲಿ ನಿನ್ನ ಮೇಲೆ ಕೂಗಾಡಿದ್ದಕ್ಕೆ ಕ್ಷಮಿಸು. ನೀನು ಹೇಳಿದ್ದೇ ಸರಿ.

ಇನ್ನು ನಮ್ಮ ವಿಷಯ ಏನಾದರೂ ಆಗಲಿ. ನೀವಿಬ್ಬರೂ ಸುಖವಾಗಿರಿ.

ಗಿಚೊಲ್


ಉತ್ತರ ಹಾಮ್‌ಗ್ಯೊಂಗ್
೧೯೬೧ ಮೇ ೧೪

ಅಕ್ಕಾ,

ನಿನ್ನ ಏಪ್ರಿಲ್ ಕಾಗದ ಇವತ್ತು ಸಿಕ್ಕಿತು. ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ.

ನಮ್ಮ ಫೋಟೋದವರು ಬಹಳ ನುರಿತವರು. ಅವರ ಕೆಲಸದಲ್ಲಿ ತಪ್ಪಿಲ್ಲ. ಉಲ್ಟಾ ಅಚ್ಚು ಹಾಕಿಲ್ಲ. ಅವರನ್ನು ಅವಮಾನಿಸಬೇಡ. ನನ್ನ ಕೈ ನೋಡು ಅಕ್ಕಾ. ಮೇಜಿನ ಮೇಲಿರುವುದು ಯಾವ ಕೈ ನೋಡು.

ನಿನಗೆ ಆ ಅಂಟಿನ ಕೆಮ್ಮು ಮೊದಲಿಂದಲೂ ಇದೆ. ಒಬ್ಬಳೇ ಇರುವುದು ಸರಿಯಲ್ಲ. ಬೊಕ್‌ಹೀ ನಿನ್ನನ್ನು ಬಿಟ್ಟು ಬರಬಾರದು. ಮನೆಯ ಗಂಡಸಾಗಿ ಹೇಳುತ್ತಿದ್ದೇನೆ, ಹಿರಿಯರ ಸೇವೆಯೇ ದೊಡ್ಡದು. ಅವಳು ನಿನ್ನ ಸೇವೆ ಮಾಡಿಕೊಂಡು ಅಲ್ಲಿಯೇ ಇರಲಿ. ಇದೇ ನನ್ನ ಮಾತು. ನನ್ನ ಮಾತೇ ಕೊನೆ ಎಂದು ನೀನೇ ಬರೆದಿದ್ದೆ.

ಗಿಚೊಲ್


ಒಸಾಕಾ
೧೯೬೧ ಜೂನ್ ೨೦
(ಇದನ್ನು ಅಂಚೆಗೆ ಹಾಕುವುದಿಲ್ಲ)

ಗಿಚೊಲ್,

ನಿನ್ನ ಮೇ ತಿಂಗಳ ಕಾಗದ ನಿನ್ನೆ ಬಂತು. ಹಡಗು ಹೋಗಿ ಹತ್ತು ದಿನವಾಗಿತ್ತು.

ಫೋಟೋ ತೆಗೆದು ಕಿಟಕಿಯ ಹತ್ತಿರ ಹೋದೆ. ನಿನ್ನ ಎಡಗೈ. ಮೋಟು ತೋರುಬೆರಳು. ಅದು ಎಡಗೈಯಲ್ಲೇ ಇದೆ. ಫೋಟೋ ಉಲ್ಟಾ ಆಗಿದ್ದರೆ ಅದು ಬಲಗೈಗೆ ಬರಬೇಕಿತ್ತಲ್ಲ? ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲವಲ್ಲೋ. ಸಾವಿರ ಜೊತೆ ಅಟ್ಟೆಯಲ್ಲಿ ಎಡ ಯಾವುದು ಬಲ ಯಾವುದು ಎಂದು ಕಣ್ಣು ಮುಚ್ಚಿ ಹೇಳುವವಳು ನಾನು. ನನ್ನ ತಮ್ಮನ ಕೈ ನೋಡಲಿಲ್ಲ. ನಾನು ಮೀನು ನೋಡಿದೆ. ಹಾಳು ಮೀನು ನೋಡಿದೆ.

ನೀನು ಎಲ್ಲವನ್ನೂ ಹೇಳಿದ್ದೆ. ನಿನಗೂ ಹೆಂಡತಿಗೂ ಹೆತ್ತ ಮಗುವಿಗೂ ನಿನ್ನ ಕೈಯಿಂದಲೇ ಎಡೆ ಇಟ್ಟು, ನಾವು ಸತ್ತಿದ್ದೇವೆ ಅಕ್ಕಾ ಎಂದು ತೋರಿಸಿದ್ದೆ. ನಾನು ನಕ್ಕೆ. ಗಲ್ಲಿಗೆಲ್ಲ ತೋರಿಸಿ ಜಂಭಪಟ್ಟೆ. ಆ ಫೋಟೋ ನೋಡಿ ಮೂಲೆಮನೆಯವರೂ ಹೆಸರು ಬರೆಸಿದರು. ಅವರ ಮುಖ ಹೇಗೆ ನೋಡಲಿ?

ನಿದ್ದೆ ಬರುತ್ತದೆ ಎಂದು ಬರೆದಿದ್ದೆಯಲ್ಲ, ಆ ಕಾಗದ ಮೇ ಹದಿನೆಂಟಕ್ಕೆ ಬಂದಿತ್ತು. ಅಣ್ಣ ಒಪ್ಪಿದ, ಸಂತೋಷಕ್ಕೆ ಅತ್ತಿಗೆ ಅತ್ತಳು ಎಂದು ಬೊಕ್‌ಹೀ ಕುಣಿದಳು. 'ನೀವಿಬ್ಬರೂ ಸುಖವಾಗಿರಿ' ಎಂಬ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಇಬ್ಬರೂ ಎಂದೇಕೆ ಬರೆದ, ಇವಳು ಹೊರಟಿದ್ದಾಳಲ್ಲ ಎಂದುಕೊಂಡೆ. ಅಷ್ಟೇ. ಅದನ್ನೂ ಮಡಿಸಿ ಅವಳ ಪೆಟ್ಟಿಗೆಯಲ್ಲಿಟ್ಟೆ, ದಾರಿಯಲ್ಲಿ ಬೇಜಾರಾದರೆ ಓದಿಕೊಳ್ಳಲಿ ಎಂದು.

ನಿಯಿಗಾತಾದಲ್ಲಿ ಕೊನೆಯ ಸಲ ಒಂದು ಕೋಣೆಗೆ ಕರೆದು ಕೇಳುತ್ತಾರೆ, ಸ್ವಂತ ಇಷ್ಟದಿಂದ ಹೋಗುತ್ತಿದ್ದೀಯಾ ಎಂದು. ಅವಳು ಹೊರಗೆ ಬಂದು, "ಹೂಂ ಅಂದೆ ಅಕ್ಕಾ. ನಿನ್ನ ನೆನಪಾಗಿ ಮೊದಲ ಸಲ ಮೆಲ್ಲಗೆ ಅಂದಿದ್ದೆ. ಅವರು ಇನ್ನೊಂದು ಸಲ ಕೇಳಿದ್ರು. ಗಟ್ಟಿಯಾಗಿ ಹೂಂ ಅಂದೆ" ಎಂದಳು. ನಾನು, "ಭೇಷ್" ಎಂದೆ. ನನ್ನ ನಾಲಿಗೆ ಸೇದಿಹೋಗಬಾರದಿತ್ತೇ ಆಗ?

ಇಂದು ಬೆಳಿಗ್ಗೆ ಚೇ ಅವರ ಮನೆಗೆ ಹೋಗಿ ಅವಳನ್ನು ವಾಪಸ್ಸು ಕರೆಸಿ ಎಂದು ಕಾಲು ಹಿಡಿದೆ. ಅವರು ಬಾಗಿಲು ಮುಚ್ಚಿ, ಮೆಲ್ಲಗೆ, "ಹೆಸೂನ್, ಬಾಯಿ ಮುಚ್ಕೊಂಡಿರು. ನೀನು ಇಲ್ಲಿ ಕೂಗಿದ್ರೆ ಪೆಟ್ಟು ಅಲ್ಲಿ ಅವರಿಗೆ ಬೀಳತ್ತೆ" ಎಂದರು. ಅವರ ಮಗನೂ ಅಲ್ಲೇ ಇದ್ದಾನಂತೆ. ನನಗೆ ಗೊತ್ತೇ ಇರಲಿಲ್ಲ.

ಈಗ ನನಗೂ ಉಸಿರು ಹಿಡಿಯುವುದು ಎಂದರೇನು ಎಂದು ತಿಳಿಯಿತು.


ಒಸಾಕಾ
೧೯೬೧ ಜೂನ್ ೨೦

ತಮ್ಮಾ ಗಿಚೊಲ್,

ನಾನು ಕ್ಷೇಮ. ಬೊಕ್‌ಹೀ ಇಷ್ಟು ಹೊತ್ತಿಗೆ ನಿನ್ನ ಹತ್ತಿರ ಬಂದಿರಬೇಕು. ಅವಳನ್ನು ಬರಮಾಡಿಕೊಂಡ ದೇಶಕ್ಕೆ ನನ್ನ ವಂದನೆ.

ಫೋಟೋವನ್ನು ಮತ್ತೆ ನೋಡಿದೆ. ನಿಮ್ಮ ಫೋಟೋದವರ ಕೆಲಸದಲ್ಲಿ ತಪ್ಪಿಲ್ಲ, ತಪ್ಪು ನನ್ನ ಕಣ್ಣಿನದು. ಅವರ ಕ್ಷಮೆ ಕೇಳುತ್ತೇನೆ. ನಿನ್ನದೂ ಕೇಳುತ್ತೇನೆ.

ಈಗ ಒಬ್ಬಳೇ ಊಟಕ್ಕೆ ಕೂರುತ್ತೇನೆ. ನಿನ್ನೆ ನಾನೂ ನಿನ್ನ ಹಾಗೆಯೇ ಬಟ್ಟಲು ಜೋಡಿಸಿಕೊಂಡು ಉಂಡೆ.

ಉಣ್ಣೆ ಬಟ್ಟೆ, ಸಕ್ಕರೆ ಕಳಿಸುತ್ತಿದ್ದೇನೆ. ನೆರೆಯವರಿಗೆಂದು.

ಹೆಸೂನ್


ಉತ್ತರ ಹಾಮ್‌ಗ್ಯೊಂಗ್
೧೯೬೧ ಸೆಪ್ಟೆಂಬರ್ ೩

ಅಕ್ಕನಿಗೆ,

ಬೊಕ್‌ಹೀ ಸುಖವಾಗಿ ಬಂದಳು. ನಾನು ಬಂದರಿಗೆ ಹೋಗಿದ್ದೆ. ಹಡಗಿನ ಕಟಕಟೆಯಿಂದ ಕೈಬೀಸುತ್ತಿದ್ದವಳು, ದಡ ಹತ್ತಿರ ಬಂದು ನಮ್ಮೆಲ್ಲರ ಮುಖ ಕಂಡ ಮೇಲೆ ಕೈ ಇಳಿಸಿದಳು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮೊದಲ ದಿನ ಅವಳು ನನಗೊಂದು ಪ್ರಶ್ನೆ ಕೇಳಿದಳು. ಫೋಟೋದಲ್ಲಿದ್ದ ಹಾಗೆ ಅವಳ ಮುಂದೆ ಬಟ್ಟಲು ಜೋಡಿಸಿದೆ, ಎಡಗೈಯನ್ನು ಪಕ್ಕಕ್ಕಿಟ್ಟೆ. ಆಮೇಲೆ ಅವಳು ಏನೂ ಕೇಳಲಿಲ್ಲ.

ಡಾಕ್ಟರ್ ಓದಿಗೆ ಈ ವರ್ಷ ಜಾಗವಿಲ್ಲ. ಕಾರ್ಖಾನೆಯಲ್ಲಿ ಸಿಮೆಂಟ್ ಚೀಲ ಹೊಲಿಯುತ್ತಾಳೆ. ಇನ್ನೊಬ್ಬರೊಂದಿಗೆ ಯಾವುದನ್ನೂ ಹೋಲಿಸಿ ಮಾತಾಡಬೇಡ, ಊಟವಾಯಿತೇ ಎಂದು ಯಾರಾದರೂ ಕೇಳಿದರೆ ಆಯಿತು ಎನ್ನು, ಸಾಲಿನಲ್ಲಿ ನಿಂತಾಗ ನೆಲ ನೋಡು ಎಂದು ಕಲಿಸಿದ್ದೇನೆ. ಬೇಗ ಕಲಿತಳು. ತೊಷಿಯೆಗಿಂತ ಬೇಗ.

ತೊಷಿಯೆ ಈಗ ನಮ್ಮೊಂದಿಗಿಲ್ಲ. ಅವಳಿಗೆ ಗುಡ್ಡದ ಹವೆ ಒಳ್ಳೆಯದೆಂದು ಜುಲೈಯಲ್ಲಿ ಕರೆದುಕೊಂಡು ಹೋದರು. ಸಾಲಿನಲ್ಲಿ ಒಂದು ಮಾತು ಆಡಿದ್ದಳು, ತವರಿನ ಉಪ್ಪಿನ ಬಗ್ಗೆ. ಅಲ್ಲಿಗೆ ಅಂಚೆ ಹೋಗುವುದಿಲ್ಲ. ಅವಳ ತಾಯಿಗೆ ಏನು ಹೇಳಬೇಕು ನೀನೇ ಯೋಚಿಸು. ಗೋಡೆಯ ಗೀರುಗಳನ್ನು ಈಗ ಇನ್‌ಸು ಎಳೆಯುತ್ತಾನೆ.

ಅವಳ ಆರೋಗ್ಯ ವಿಚಾರಿಸಲು ಕಚೇರಿಗೆ ಹೋಗಬೇಕೆಂದಿದ್ದೇನೆ. ಬೊಕ್‌ಹೀ ಬೇಡ ಎನ್ನುತ್ತಾಳೆ.

ಗಿಚೊಲ್


ಉತ್ತರ ಹಾಮ್‌ಗ್ಯೊಂಗ್
೧೯೬೪ ಫೆಬ್ರವರಿ ೨

ಅಕ್ಕನಿಗೆ ಬೊಕ್‌ಹೀ ಮಾಡುವ ನಮಸ್ಕಾರ.

ಎರಡು ವರ್ಷದಿಂದ ಬರೆಯಲು ಆಗಲಿಲ್ಲ. ಕೆಲಸ ಬಹಳ. ನಿನ್ನ ಹದಿನಾಲ್ಕು ಕಾಗದಗಳನ್ನೂ ಮೊನ್ನೆ ಒಟ್ಟಿಗೆ ಕೊಟ್ಟರು. ಒಡೆದೇ ಇದ್ದವು, ಓದಲು ಸುಲಭವಾಯಿತು.

ಅಣ್ಣ ಅತ್ತಿಗೆಯನ್ನು ವಿಚಾರಿಸಲು ಕಚೇರಿಗೆ ಮೂರು ಸಲ ಹೋದ. ಆಮೇಲೆ ಅವನೂ ಗುಡ್ಡದ ಕಡೆಗೇ ಇದ್ದ. ಈಗ ಇಲ್ಲಿರುವುದು ನಾನು ಮತ್ತು ಇನ್‌ಸು. ಅವನಿಗೆ ಎಂಟು ವರ್ಷ. ನೀನು ಕಳಿಸಿದ ದೊಡ್ಡ ಒಳಬಟ್ಟೆ ಅವನಿಗೆ ಇನ್ನೂ ದೊಡ್ಡದೇ.

ಇವತ್ತು ಅಣ್ಣನಿಗೆ ಊಟ ಇಟ್ಟೆ. ಅವನ ಫೋಟೋ ಇಲ್ಲ, ಅದರ ಬದಲು ಅವನ ಕೈಚೀಲ ಇಟ್ಟುಕೊಂಡೆ. ಹಿಂದೆ ಅಮ್ಮನ ಮುಂದೆ ನಾನು ತಪ್ಪಾಗಿ ಜೋಡಿಸಿ ನಿನ್ನ ಕೈಲಿ ಬೈಸಿಕೊಂಡಿದ್ದೆನಲ್ಲ ಅಕ್ಕಾ, ಈ ಸಲ ತಪ್ಪಲಿಲ್ಲ. ಅನ್ನ ಬಲಕ್ಕೆ, ಸಾರು ಎಡಕ್ಕೆ. ಇನ್‌ಸು ಪಕ್ಕದಲ್ಲಿ ನಿಂತು ನೋಡಿದ. ಅವನು ಅಳಲಿಲ್ಲ. ನಾವಿಬ್ಬರೂ ಈಗ ಅಮ್ಮನಷ್ಟು ಹೊತ್ತು ಉಸಿರು ಹಿಡಿಯುತ್ತೇವೆ.

ದೇಶ ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಿದೆ.

ಬೊಕ್‌ಹೀ


ಒಸಾಕಾ
೧೯೬೪ ಮಾರ್ಚ್ ೨೧

ಪುಟ್ಟೀ,

ನಿನ್ನ ಕಾಗದ ಬಂತು. ಸರಿಯಾಗಿ ಜೋಡಿಸಿದ್ದೀಯ. ಅಣ್ಣನಿಗೆ ತೃಪ್ತಿಯಾಗಿರುತ್ತದೆ. ನಾನೂ ಇಲ್ಲಿ ಹಾಗೆಯೇ ಇಟ್ಟೆ, ಅಮ್ಮನ ಪಕ್ಕದಲ್ಲಿ. ದೊಡ್ಡ ಮೀನು ತರಲಿಲ್ಲ. ಮೀನಿನಂಗಡಿಯ ಮುಂದೆ ಹೋಗಲು ನನ್ನಿಂದಾಗುವುದಿಲ್ಲ.

ಇಲ್ಲಿ ವಿಶೇಷವೇನೂ ಇಲ್ಲ. ಕೆಮ್ಮು ಹಾಗೇ ಇದೆ, ಚಪ್ಪಲಿ ಕೆಲಸ ಹಾಗೇ ಇದೆ. ಚೇ ಅವರು ಈಗ ಯಾರ ಮನೆಗೂ ಹೋಗುವುದಿಲ್ಲ.

ನನಗೆ ಬೇರೇನೂ ಬರೆಯಬೇಡ ಕಂದಾ. ಕೆಲಸದ ಮಧ್ಯೆ ತೊಂದರೆ ತಗೋಬೇಡ. ಊಟಕ್ಕೆ ಕೂತಾಗ ನಿನ್ನ ಬಟ್ಟಲು, ಇನ್‌ಸುವಿನ ಬಟ್ಟಲು ಯಾವ ಕಡೆಗಿರುತ್ತವೆ, ಅದೊಂದನ್ನೇ ಬರೆ.

ಅಕ್ಕ


ಉತ್ತರ ಹಾಮ್‌ಗ್ಯೊಂಗ್
೧೯೬೬ ಅಕ್ಟೋಬರ್ ೩೦

ಅಕ್ಕಾ,

ಅನ್ನದ ಬಟ್ಟಲು ಎಡಕ್ಕೆ, ಸಾರಿನದು ಬಲಕ್ಕೆ. ಇಬ್ಬರದೂ. ಇನ್‌ಸು ಒಮ್ಮೆ, "ಅತ್ತೆ, ಖಾಲಿ ಬಟ್ಟಲು ಯಾವ ಕಡೆ ಇದ್ರೇನು?" ಎಂದು ಕೇಳಿದ. ಬೆನ್ನಿಗೊಂದು ಕೊಟ್ಟೆ, ಅಮ್ಮನ ಹಾಗೆ. ಆಮೇಲೆ ಅವನೇ ಸರಿಯಾಗಿ ಇಡುತ್ತಾನೆ, ದಿನಾ.

ಬೊಕ್‌ಹೀ